ಹರಿದ ಕೇಬಲ್ಲಿಗೆ ಸೆರಗಿನ ಕುಣಿಕೆ

ಮೊದಲೇ ಹೇಳಿಬಿಡುತ್ತೇನೆ. ಅರ್ಧ ಓದಿದ ಮೇಲೆ ಗೊತ್ತಾಗಿ ಬೈಯುವುದಕ್ಕಿಂತ ಈಗಲೇ ಬೈದುಬಿಡಿ. ಬಾಗಲಕೋಟೆಯ ಒಂದು ಜಿಮ್ಮಿನಲ್ಲಿ ಹರಿದುಹೋಗಿದ್ದ ಉಕ್ಕಿನ ಕೇಬಲ್ಲನ್ನು ನಾನು ಸೀರೆ ನೇಯುವವರ ಕುಣಿಕೆ ಹಾಕಿ ಕೂಡಿಸಿದೆ. ಮೇಲೆ ಕರಿ ಟೇಪು ಸುತ್ತಿ ಹೊಸದೆಂದು ಸುಳ್ಳು ಹೇಳಿದೆ. ಅದು ಹರಿದು ಒಬ್ಬ ಹೆಣ್ಣುಮಗಳ ಹೆಗಲಿನ ಎಲುಬು ಮುರಿಯಿತು. ತಪ್ಪು ಆಕೆಯದೇ ಎಂದೂ ನಾನೇ ಹೇಳಿದೆ. ಇಷ್ಟೆಲ್ಲ ಮಾಡಿದವನು ಬಾಯಿ ಮುಚ್ಚಿಕೊಂಡಾದರೂ ಇರಬೇಕಿತ್ತು. ಇರಲಿಲ್ಲ. ಚಹಾದಂಗಡಿಯಲ್ಲಿ ನಿಂತು ಆ ಜಿಮ್ಮಿನ ಮಾಲೀಕರ ದನಿ ತೆಗೆದು ಜನರನ್ನು ನಗಿಸಿದೆ.

ಈಗ ಅಂಗಡಿ ಮುಚ್ಚಿ ಒಂದು ವರ್ಷವಾಯಿತು. ಟ್ರೆಡ್‌ಮಿಲ್ ಎತ್ತಿ ಎತ್ತಿ ಸೊಂಟ ನಿವೃತ್ತಿಯಾಯಿತು, ನಾಲಿಗೆ ಮಾತ್ರ ಇನ್ನೂ ಸರ್ವಿಸ್ಸಿನಲ್ಲಿದೆ. ವ್ಯಾಯಾಮ ಯಂತ್ರಗಳ ರಿಪೇರಿಗೆ ಇಳಿಯುವ ಹೊಸಬರು ಬಂದು, ನಿಮ್ಮ ಸಾಧನೆ ಬರೆಯಿರಿ ಎನ್ನುತ್ತಾರೆ. ಸಾಧನೆಯ ಮಾತು ಬಿಡಿ. ಸ್ವಂತ ಅಂಗಡಿ ಇಟ್ಟವನಿಗೆ ಬಡ್ತಿ ಕೊಡುವ ಸಾಹೇಬರೆಂದರೆ ಹೆಂಡತಿ ಒಬ್ಬಳೇ, ಆಕೆ ಕೊನೆತನಕ ಕೊಡಲಿಲ್ಲ. ನಾಚಿಕೆಯದನ್ನು ಬರೆದರೆ ನಿಮಗೆ ಉಪಯೋಗಕ್ಕಾದರೂ ಬಂದೀತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಇಳಕಲ್ಲಿನಲ್ಲಿ ಪವರ್‌ಲೂಮ್ ರಿಪೇರಿ ಮಾಡಿಕೊಂಡಿದ್ದೆ. ಮನೆಯಲ್ಲಿ ಅವ್ವ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು. ವಿರೂಪಾಕ್ಷ ಎಂಬ ನನ್ನ ಹೆಸರು ಊರಿಗೆ ಗೊತ್ತಾದದ್ದು ಕೆಲಸದಿಂದಲ್ಲ, ಅನುಕರಣೆಯಿಂದ. ಲೂಮಿನ ಸದ್ದು, ಕಂಡಕ್ಟರನ ಸೀಟಿ, ಡಾಕ್ಟರ ಕೆಮ್ಮು, ಮದುವೆಮನೆಯಲ್ಲಿ ಬೀಗರು ಸಿಟ್ಟಾಗಿ ಮೂಗಿನಿಂದ ಬಿಡುವ ಉಸಿರು, ಯಾವುದನ್ನೂ ಬಿಡುತ್ತಿರಲಿಲ್ಲ. ನನ್ನನ್ನೂ ಬಿಡುತ್ತಿರಲಿಲ್ಲ. ನಲವತ್ತೆಂಟು ಕಿಲೋ ತೂಕದವನು ಎದುರುಗಾಳಿಯಲ್ಲಿ ಸೈಕಲ್ ತುಳಿದರೆ ಹೇಗೆ ಹಿಂದಕ್ಕೆ ಹೋಗುತ್ತಾನೆ ಎಂಬುದನ್ನು ನಾನೇ ಮಾಡಿ ತೋರಿಸುತ್ತಿದ್ದೆ.

ಒಂದು ದಿನ ಸೀರೆ ವ್ಯಾಪಾರದ ಸಾವುಕಾರರೊಬ್ಬರು ಕರೆಕಳಿಸಿದರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಲು ಹೇಳಿದ್ದಕ್ಕೆ ಹುಬ್ಬಳ್ಳಿಯಿಂದ ಟ್ರೆಡ್‌ಮಿಲ್ ತರಿಸಿದ್ದರು. ಅದು ಕೆಟ್ಟು ನಿಂತಿತ್ತು.

"ಮಶಿನ್ ನಿಂತ್ರ ನೀವು ನಡೀರಲ್ರಿ ಸಾವುಕಾರ್ರ, ಓಣಿ ಐತಿ," ಎಂದೆ.

"ಓಣ್ಯಾಗ ನಡದ್ರ ಸಂಜೀಕ ನೀ ನನ್ನ ನಡಿಗಿ ಮಾಡಿ ತೋರಸ್ತಿ. ಅದಕ್ಕ ಮನ್ಯಾಗ ಮಶಿನ್ ಇಟ್ಟೇನಿ. ಬಾಯಿ ಮುಚ್ಚಿ ರಿಪೇರಿ ಮಾಡು," ಎಂದರು.

ಬಿಚ್ಚಿ ನೋಡಿದರೆ ಬೆಲ್ಟು, ಗಾಲಿ, ಮೋಟಾರು. ಲೂಮಿನ ತಮ್ಮನಂತೆಯೇ ಇತ್ತು. ಪಕ್ಕದ ಲೂಮುಗಳಿಂದ ಹಾರಿ ಬಂದ ಹತ್ತಿಯ ಧೂಳು ಮೋಟಾರಿನೊಳಗೆ ಹಾಸಿಗೆಯಂತೆ ಕೂತಿತ್ತು. ಬ್ರಷ್ಷಿನಿಂದ ತೆಗೆದೆ, ಯಂತ್ರ ಓಡಿತು. ನಾನೂ ಓಡಿದೆ, ಬೋರ್ಡು ಬರೆಸಲು. 'ವ್ಯಾಯಾಮ ಯಂತ್ರಗಳ ತಜ್ಞರು' ಎಂದು ಹಳದಿ ಅಕ್ಷರದಲ್ಲಿ ಬರೆಸಿ ಮನೆಯ ಮುಂದೆ ತೂಗುಹಾಕಿದೆ. ಅವ್ವ ಒಮ್ಮೆ ಬೋರ್ಡು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಬೋರ್ಡ್ ಓದಿ ಒಳಗ ಬಂದವ್ರು ನಿನ್ನ ನೋಡಿ ಹೊಳ್ಳಿ ಹೋಗ್ತಾರಪಾ," ಎಂದಳು.

ಹೊರಳಿ ಹೋಗಲಿಲ್ಲ, ಏಕೆಂದರೆ ಸುತ್ತ ನಾಲ್ಕು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಈಗಿನ ಹಾಗೆ ವಿಡಿಯೋ ಕಳಿಸುವ ಕಾಲವಲ್ಲ ಅದು. ಎಸ್‌ಟಿಡಿ ಬೂತಿಗೆ ಫೋನ್ ಬರುತ್ತಿತ್ತು, ಯಂತ್ರದ ಸದ್ದನ್ನು ಗಿರಾಕಿಯ ಬಾಯಿಂದಲೇ ಹೊರಡಿಸಬೇಕಿತ್ತು. ಹುನಗುಂದದಲ್ಲಿ ಒಬ್ಬ ಎಂಜಿನಿಯರ್ ಸಾಹೇಬರಿದ್ದರು. ರಾಮಥಾಳದ ಏತ ನೀರಾವರಿ ಕೆಲಸಕ್ಕೆ ಬಂದವರು, ಬಹಳ ಗಂಭೀರ ಮನುಷ್ಯ. ಅವರ ವ್ಯಾಯಾಮದ ಸೈಕಲ್ ಕೆಟ್ಟಿತ್ತು.

"ಸಪ್ಪಳ ಹೆಂಗ ಮಾಡ್ತದ್ರಿ ಸರ?" ಎಂದು ಕೇಳಿದೆ.

"ಒಂಥರಾ ಮಾಡುತ್ತೆ ಕಣ್ರೀ."

"ಕಿಂವ್ ಕಿಂವ್ ಅಂತದೋ, ಕಟಾಕಟಾ ಅಂತದೋ? ನೀವ ಒಮ್ಮೆ ಒದರಿ ತೋರಸ್ರಿ."

ಸಾಹೇಬರು ಗಂಟಲು ಸರಿಮಾಡಿಕೊಂಡರು. ಆಮೇಲೆ ಆಫೀಸಿನ ಫೋನಿನಲ್ಲಿ, ಕ್ಲಾರ್ಕುಗಳ ನಡುವೆ, "ಕುಂಯ್... ಕುಂಯ್... ಟಕ್" ಎಂದರು. ಬೇರಿಂಗ್ ಹೋಗಿದೆ ಎಂದು ನಾನು ಇಳಕಲ್ಲಿನಲ್ಲಿ ನಿಂತೇ ಹೇಳಿದೆ. ಹೇಳಿದ್ದು ಸರಿಯಾಗಿತ್ತು. ನನ್ನ ತಲೆ ತಿರುಗಿದ್ದು ಅಲ್ಲಿಂದಲೇ. ಕಿವಿಯಿಂದ ರೋಗ ಹಿಡಿಯುವವನಿಗೆ ಇನ್ನು ಕಲಿಯುವುದೇನಿದೆ ಎಂದುಕೊಂಡೆ.

ಬಾಗಲಕೋಟೆಯ ನವನಗರದಲ್ಲಿ ಹನಮಂತಪ್ಪ ಪೈಲ್ವಾನರು ಜಿಮ್ ತೆರೆದದ್ದು ಆ ಹೊತ್ತಿಗೇ. ಮೂಲ ತುಳಸಿಗೇರಿಯವರು, ಹರೆಯದಲ್ಲಿ ಕುಸ್ತಿಯಲ್ಲಿ ಹೆಸರು ಮಾಡಿದವರು. ಹಳೆ ಬಾಗಲಕೋಟೆಯಲ್ಲಿದ್ದ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನವನಗರದಲ್ಲಿ ಮನೆ ಕಟ್ಟಿ, ಕೆಳಗಿನ ದೊಡ್ಡ ಕೋಣೆಯಲ್ಲಿ ಯಂತ್ರಗಳನ್ನು ಇಟ್ಟಿದ್ದರು. ಗರಡಿಮನೆಯ ಶಿಸ್ತು ಅಲ್ಲಿಗೂ ಬಂದಿತ್ತು. ಒಳಗೆ ಚಪ್ಪಲಿ ಇಲ್ಲ, ಕೆಟ್ಟ ಮಾತಿಲ್ಲ. ಬೆಳಿಗ್ಗೆ ಒಂದೊಂದು ಯಂತ್ರವನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದನಿ ಮಾತ್ರ ನೆಲದಡಿ ಕಾಳು ತುಂಬುವ ಹಗೇವಿನೊಳಗೆ ಕೂತು ಮಾತಾಡಿದಂತೆ, ನಿಧಾನ, ದಪ್ಪ. ಎಲ್ಲರಿಗೂ 'ತಮ್ಮಾ' ಎನ್ನುವರು. ಮೊದಲ ಭೇಟಿಯಲ್ಲೇ ಆ ದನಿ ನನ್ನ ಗಂಟಲಿಗೆ ಇಳಿದಿತ್ತು.

ಅವರು ಆ ಊರಲ್ಲಿ ಯಾರೂ ಮಾಡದ ಒಂದು ಕೆಲಸಕ್ಕೆ ಕೈಹಾಕಿದ್ದರು. ದಿನಾ ಹತ್ತರಿಂದ ಹನ್ನೊಂದು ಹೆಣ್ಣುಮಕ್ಕಳಿಗೇ ಬಿಟ್ಟುಕೊಡುವುದು. ಆ ಒಂದು ತಾಸು ತಾವು ಬಾಗಿಲ ಹೊರಗೆ ಸ್ಟೂಲ್ ಹಾಕಿ, ಬೆನ್ನು ತಿರುಗಿಸಿ ಕೂರುವುದು. ಮೊದಲು ಹೆಸರು ಬರೆಸಿದವರು ಗಿರಿಜಾ ಅಕ್ಕೋರು, ಹತ್ತಿರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೋರ್ಡಿನ ಮೇಲೆ ಬರೆದು ಬರೆದು ಹೆಗಲು ಹಿಡಿದುಕೊಂಡಿತ್ತು, ಕೈ ಆಡಿಸಬೇಕೆಂದು ಡಾಕ್ಟರು ಹೇಳಿದ್ದರು. ಆಗ ಬೇಸಿಗೆ ರಜೆ. ಒಬ್ಬರೇ ಬರಲು ಸಂಕೋಚವಾಗಿ, ಮನೆಮನೆ ತಿರುಗಿ ಇನ್ನೂ ಆರು ಜನರನ್ನು ಒಪ್ಪಿಸಿ ತಂದಿದ್ದರು. ಅತ್ತೆಯರನ್ನು ಒಪ್ಪಿಸುವುದು ಸೊಸೆಯರನ್ನು ಒಪ್ಪಿಸಿದಷ್ಟು ಸುಲಭವಿರಲಿಲ್ಲವಂತೆ.

ಶುರುವಾಗುವ ಹಿಂದಿನ ದಿನ, ಕೂತು ಮೇಲಿನ ಕಂಬಿಯನ್ನು ಎದೆಗೆಳೆಯುವ ಯಂತ್ರದ ಕೇಬಲ್ ಹರಿಯಿತು. ನಾನು ಹೋದೆ. ಹೊಸ ಕೇಬಲ್ ಹುಬ್ಬಳ್ಳಿಯಿಂದ ಬರಲು ಎಂಟು ದಿನ.

"ಎಂಟು ದಿನಾ ಮುಂದ ಹಾಕೂಣು ತಮ್ಮಾ," ಎಂದರು ಪೈಲ್ವಾನರು. "ಹೆಣ್ಮಕ್ಕಳು ಬರೂ ಜಾಗಾ ಐತಿ. ಗಡಬಡಿ ಬ್ಯಾಡ."

"ಯಾಕ್ರಿ ಪೈಲ್ವಾನ್ರ, ನನ್ನ ಚೀಲದಾಗ ಹೊಸಾ ಕೇಬಲ್ ಐತಿ. ನೀವು ಚಾ ಕುಡದು ಬರೂದ್ರಾಗ ಹಾಕಿಬಿಡ್ತೇನಿ."

ಚೀಲದಲ್ಲಿ ಇದ್ದದ್ದು ಪಕ್ಕಡ, ಸ್ಕ್ರೂಡ್ರೈವರ್, ಅರ್ಧ ತಿಂದ ಚುರುಮುರಿ ಪೊಟ್ಟಣ.

ಇಳಕಲ್ ಸೀರೆ ನೋಡಿದವರಿಗೆ ಗೊತ್ತು, ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ, ಸಾವಿರಾರು. ಅವ್ವನ ಪಕ್ಕ ಕೂತು ನಾನೂ ಹಾಕಿದವನೇ. ಎಂದೂ ಬಿಚ್ಚಿದ್ದಿಲ್ಲ. ರೇಷ್ಮೆಯೇ ಬಿಚ್ಚದಿದ್ದರೆ ಉಕ್ಕು ಬಿಚ್ಚುತ್ತದೆಯೇ? ಹೀಗಿತ್ತು ನನ್ನ ವಿಜ್ಞಾನ. ಕೇಬಲ್ಲಿನ ಎರಡೂ ತುದಿಯ ತಂತಿಗಳನ್ನು ಬಿಡಿಸಿ, ಒಂದಕ್ಕೊಂದು ಕುಣಿಕೆ ಹಾಕಿದೆ. ತಾಮ್ರದ ತಂತಿ ಬಿಗಿದೆ. ಗಾಲಿಗೆ ತಾಗದ ಜಾಗದಲ್ಲಿ ಬರುವಂತೆ ಎಳೆದು, ಕರಿ ಟೇಪು ಸುತ್ತಿದೆ. ಪರೀಕ್ಷೆಗೆ ನಾನೇ ಜೋತುಬಿದ್ದೆ. ನಲವತ್ತೆಂಟು ಕಿಲೋ. ಆ ಕೇಬಲ್ಲಿಗೆ ನೊಣ ಕೂತಷ್ಟು.

ಮರುದಿನ ಹೆಣ್ಣುಮಕ್ಕಳು ಬಂದರು. ಪೈಲ್ವಾನರು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ, "ಹೆದರಬ್ಯಾಡ್ರವಾ, ಕೇಬಲ್ ಹೊಸಾದೈತಿ, ನಿನ್ನೇನ ಹಾಕೇತಿ," ಎಂದರು. ನಾನು ಪಕ್ಕದಲ್ಲೇ ಇದ್ದೆ. ಹೌದೆಂದು ಗೋಣು ಹಾಕಿದೆ.

ಹುಬ್ಬಳ್ಳಿಗೆ ಹೇಳಿ ತರಿಸುತ್ತಿದ್ದ ಹೊಸ ಕೇಬಲ್ ಬಂದ ಕೂಡಲೇ ಗುಟ್ಟಾಗಿ ಬದಲಿಸುವುದೆಂದು ಲೆಕ್ಕ ಹಾಕಿದ್ದೆ. ಎಂಟನೆಯ ದಿನಕ್ಕೆ ಅದು ಇಳಕಲ್ಲಿಗೆ ಬಂತು. ಅದೇ ದಿನ ಬಾದಾಮಿಯ ಒಂದು ಲಾಡ್ಜಿನಿಂದ ಕರೆ ಬಂತು. ಪ್ರವಾಸಿಗರಿಗೆಂದು ಮೇಲ್ಮಹಡಿಯಲ್ಲಿ ಇಟ್ಟ ವ್ಯಾಯಾಮದ ಬೆಂಚುಗಳ ಹೊಟ್ಟೆ ಹರಿದು ಮಂಗಗಳು ಸ್ಪಂಜು ಕಿತ್ತಿದ್ದವು. ಒಂದು ದಿನದ ಕೆಲಸ. ಆದರೆ ಲಾಡ್ಜಿನ ಕೆಲಸದವರು ನನ್ನ ಮಂಗನ ಅನುಕರಣೆಗೆ ಹೊಟ್ಟೆ ಹಿಡಿದು ನಕ್ಕರು. ನಗುವವರನ್ನು ಬಿಟ್ಟು ಎದ್ದು ಬರುವ ಬುದ್ಧಿ ನನಗೆ ಯಾವತ್ತೂ ಇರಲಿಲ್ಲ. ಅವರ ಟ್ರೆಡ್‌ಮಿಲ್ಲಿನ ಬೆಲ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಅದು ಜಾರಿ, ಮತ್ತೆ ಒರೆಸಿ, ಹೀಗೆ ಒಂದರಿಂದ ಒಂದು ಕೆಲಸ ಹುಟ್ಟಿಸಿಕೊಂಡು ನಾಲ್ಕು ದಿನ ಉಳಿದೆ. ಬೆಲ್ಟಿಗೆ ಸಿಲಿಕಾನ್ ಎಣ್ಣೆ ಬಿಟ್ಟು ಬೇರೇನೂ ಹಾಕಬಾರದು, ಇದನ್ನು ಬರೆದಿಟ್ಟುಕೊಳ್ಳಿ. ಆ ನಾಲ್ಕು ದಿನ ಹೊಸ ಕೇಬಲ್ ಇಳಕಲ್ಲಿನಲ್ಲಿ ಮೊಳೆಗೆ ತೂಗುಬಿದ್ದಿತ್ತು.

ಹನ್ನೆರಡನೆಯ ದಿನ ಲಾಡ್ಜಿಗೆ ಫೋನ್ ಬಂತು. ಅವ್ವನಿಂದ ನಂಬರು ಪಡೆದು ಪೈಲ್ವಾನರೇ ಮಾಡಿದ್ದರು. "ತಮ್ಮಾ, ಹೊಸಾ ಕೇಬಲ್ ಹರೀತು. ಅಕ್ಕೋರಿಗೆ ಪೆಟ್ಟಾಗೇತಿ." ಅಷ್ಟೇ ಹೇಳಿ ಇಟ್ಟರು.

ಗಿರಿಜಾ ಅಕ್ಕೋರು ಕಂಬಿಯನ್ನು ಕೆಳಗೆ ಎಳೆದಿದ್ದಾಗ, ದಿನವೂ ಎಳೆಸಿಕೊಂಡು ಸಡಿಲಾಗಿದ್ದ ಕುಣಿಕೆಗಳು ಒಟ್ಟಿಗೇ ಕಿತ್ತು, ಕಬ್ಬಿಣದ ಕಂಬಿ ಬಲಹೆಗಲ ಮೇಲೆ ಬಿದ್ದಿತ್ತು. ನಾನು ಬಾಗಲಕೋಟೆ ಮುಟ್ಟುವ ಹೊತ್ತಿಗೆ ಅವರನ್ನು ದವಾಖಾನೆಗೆ ಒಯ್ದಿದ್ದರು. ಜಿಮ್ಮಿನಲ್ಲಿ ಪೈಲ್ವಾನರೊಬ್ಬರೇ ಗೋಡೆಗೆ ಮುಖ ಮಾಡಿ ಕೂತಿದ್ದರು. ಅಕ್ಕೋರು ಹೇಗಿದ್ದಾರೆಂದು ಕೇಳುವುದಕ್ಕೂ ಮೊದಲು ನಾನು ಮಾಡಿದ ಕೆಲಸ, ಹರಿದ ಆ ಗಂಟನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡದ್ದು. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

"ಹೊಸಾದು ಹೆಂಗ ಹರೀತು ತಮ್ಮಾ?"

"ಜರಕಿ ಹೊಡದು ಒಮ್ಮಿಗೇ ಎಳದಿರಬೇಕ್ರಿ. ಹೆಣ್ಮಕ್ಕಳಿಗೆ ರೂಢಿ ಇರೂದುಲ್ಲ," ಎಂದೆ.

ಅಷ್ಟರಲ್ಲಿ ಬಾಗಿಲಿಗೆ ನಾಲ್ಕು ಜನ ಬಂದು ನಿಂತಿದ್ದರು. ಆ ಮಾತು ನನ್ನ ಕಾಲಿಗಿಂತ ಮುಂಚೆ ನವನಗರ ಸುತ್ತಿತು. ಹೆಂಗಸರ ಕೈಗೆ ಯಂತ್ರ ಕೊಟ್ಟರೆ ಹೀಗೇ ಎಂದು ಜನ ಆಡಿಕೊಂಡರು. ಅಕ್ಕೋರು ಮನೆಮನೆಯಿಂದ ಕರೆತಂದ ಆರು ಜನರೂ ಬರುವುದನ್ನು ನಿಲ್ಲಿಸಿದರು. ಆ ಮನೆಗಳ ಅತ್ತೆಯರು ಅಕ್ಕೋರನ್ನು ಮಾತಾಡಿಸುವುದು ಬಿಟ್ಟರು. ಪೈಲ್ವಾನರು ಬಾಗಿಲ ಹೊರಗಿನ ಸ್ಟೂಲನ್ನು ಒಳಗೆ ಒಯ್ದು ಇಟ್ಟರು. ಹತ್ತರಿಂದ ಹನ್ನೊಂದರವರೆಗೆ ಜಿಮ್ಮಿಗೆ ಬೀಗ ಹಾಕುತ್ತಿದ್ದರು. ಆ ತಾಸನ್ನು ಗಂಡಸರಿಗೂ ಕೊಡಲಿಲ್ಲ.

ನಾನೇ ಹೊಸ ಕೇಬಲ್ ಹಾಕಿಕೊಟ್ಟೆ. ಅದಕ್ಕೆ ಅವರು ನನಗೆ ಧನ್ಯವಾದವನ್ನೂ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಹೆದರಿಕೆ ಹೋಗಿ ಧೈರ್ಯ ಬಂದಿತ್ತು. ಬಾಗಲಕೋಟೆಯ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಚಹಾದಂಗಡಿ. ಯಾರೋ ಪೈಲ್ವಾನರ ಮಾತೆತ್ತಿದರು. ನಾನು ಎದ್ದು ನಿಂತು, ಗಂಟಲು ದಪ್ಪ ಮಾಡಿ, ಎರಡೂ ಕೈ ಮೇಲೆತ್ತಿ, "ಅಯ್ಯೋ ಶಿವನ, ಬರ್ರಲೇ, ಜೀಪ್ ತರ್ರಲೇ!" ಎಂದು ಒದರಿದೆ. ಕೇಬಲ್ ಹರಿದ ಹೊತ್ತಿಗೆ ನಾನು ಅಲ್ಲಿ ಇರಲೇ ಇಲ್ಲ, ಆದರೂ ಕಂಡವನಂತೆ ಮಾಡಿದೆ. ಅಂಗಡಿ ತುಂಬ ನಗು. ನಗು ಹಿಂದಿನ ಸಾಲಿನಿಂದ ಒಮ್ಮೆಲೇ ನಿಂತಿತು. ತಿರುಗಿದರೆ ಪೈಲ್ವಾನರು ಬಾಗಿಲಲ್ಲಿ ನಿಂತಿದ್ದರು.

"ಛಲೋ ಮಾಡ್ತಿ ತಮ್ಮಾ," ಎಂದರು. "ಆದ್ರ ಅವತ್ತ ನಾ ಒದರಿದ್ದಿಲ್ಲ. ನನ್ನ ದನಿನ ಹೊಂಟಿದ್ದಿಲ್ಲ."

ಚಹಾ ಕುಡಿಯದೆ ಹೋದರು. ನಾನು ಬಸ್ಸಿನಲ್ಲಿ ಇಳಕಲ್ಲಿನವರೆಗೆ ಯಾರ ದನಿಯನ್ನೂ ತೆಗೆಯಲಿಲ್ಲ. ಆದರೂ, ನೋಡಿ, ಒಪ್ಪಿಕೊಳ್ಳುವ ಬುದ್ಧಿ ಆಗಲೂ ಬರಲಿಲ್ಲ. ನಾಚಿಕೆಯಾದ ಕೂಡಲೇ ಮನುಷ್ಯ ಒಳ್ಳೆಯವನಾಗುತ್ತಾನೆಂದು ನಂಬಬೇಡಿ. ನಾನು ಬಾಗಲಕೋಟೆಗೆ ಹೋಗುವುದನ್ನು ಬಿಟ್ಟೆ, ಅಷ್ಟೇ.

ಹಿಡಿದವಳು ಅವ್ವ. ಮಗ್ಗದ ಒಂದು ಮೊಳೆ ಕೀಳಲು ಪಕ್ಕಡ ಬೇಕಾಗಿ ನನ್ನ ಚೀಲಕ್ಕೆ ಕೈಹಾಕಿದಳು. ಆ ಗಂಟು ಕೈಗೆ ಬಂತು. ಬಿಸಾಡಲಿಕ್ಕೂ ನನಗೆ ಧೈರ್ಯವಾಗಿರಲಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು, ಟೇಪು ಸುಲಿದು, ತಂತಿಯ ಕುಣಿಕೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ ನೋಡಿದಳು. ಬೇರೆ ಯಾವ ಮನೆಯಲ್ಲಾದರೂ ಅದು ಬರೀ ಹಳೆ ಕಬ್ಬಿಣವಾಗುತ್ತಿತ್ತು.

"ಇದು ನಾ ಕಲಿಸಿದ ಕುಣಿಕಿ," ಎಂದಳು. "ಯಾರ ತಲೀ ಮ್ಯಾಲ ಕಟ್ಟಿದ್ದಿ ಇದನ್ನ?"

ಹೇಳಿದೆ. ಅಳುತ್ತ ಹೇಳಿದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಬಂದೀತು. ಇಲ್ಲ, ತೊದಲುತ್ತ, ನೆಪ ಹುಡುಕುತ್ತ ಹೇಳಿದೆ. ಅವ್ವ ಪೂರ್ತಿ ಕೇಳಿ, ಗಂಟನ್ನು ನನ್ನ ಅಂಗಿಯ ಜೇಬಿಗೆ ಹಾಕಿದಳು.

"ಸೀರಿ ಬಿಚ್ಚಿದ್ರ ಸೆರಗು ಹಿಡಕೊಂಡು ಮನಿ ಮುಟ್ಟತಾರ. ಇದು ಬಿಚ್ಚಿದ್ರ ಏನು ಹಿಡಕೋಬೇಕು? ಹೋಗು. ಹೇಳಿ ಬಾ. ಅಲ್ಲೀತನಕ ನನ್ನ ಮಗ್ಗಕ್ಕ ಕೈ ಹಚ್ಚಬ್ಯಾಡ."

ಪೈಲ್ವಾನರು ಜಿಮ್ಮಿನಲ್ಲಿ ಒಬ್ಬರೇ ಇದ್ದರು. ಗಂಟನ್ನು ಅವರ ಅಂಗೈ ಮೇಲಿಟ್ಟು ಎಲ್ಲ ಹೇಳಿದೆ. ಆ ಅಂಗೈ ಒಮ್ಮೆ ಮುಚ್ಚಿಕೊಂಡರೆ ನನ್ನ ಕುತ್ತಿಗೆಯೂ ಅದರಲ್ಲಿ ಹಿಡಿಯುತ್ತಿತ್ತು. ಅವರು ಅದನ್ನು ಬೆರಳಿನಿಂದ ಹೊರಳಿಸಿ ನೋಡಿದರು.

"ಆಕಿಗೆ ನಾ ಹೊಸಾದು ಅಂತ ಹೇಳಿ ಮಶಿನ್ ಮ್ಯಾಲ ಕೂಡಿಸಿದ್ದೆ," ಎಂದರು.

"ತಪ್ಪಾತ್ರಿ ಪೈಲ್ವಾನ್ರ. ಏನ್ ಬೇಕಾದ್ರೂ ಮಾಡ್ರಿ ನನಗ."

"ನನ್ನ ಮುಂದ ಯಾಕ ಹೇಳ್ತಿ? ಮುರದದ್ದು ನನ್ನ ಎಲುಬಲ್ಲ. ಮೊದಲ ಆ ಚಾದಂಗಡ್ಯಾಗ ಹೇಳು. ಆಮ್ಯಾಲೆ ಆಕಿ ಕಡೆ ಹೋಗು."

ಚಹಾದಂಗಡಿಗೆ ಹೋದೆ. ಅವತ್ತಿನವರೇ ಬಹಳಷ್ಟು ಜನ ಇದ್ದರು. ನಡುವೆ ನಿಂತು, ಕೇಬಲ್ ಕೂಡಿಸಿದವನು ನಾನು, ಅಕ್ಕೋರು ಜರಕಿ ಹೊಡೆದಿಲ್ಲ, ಪೈಲ್ವಾನರಿಗೆ ಏನೂ ಗೊತ್ತಿರಲಿಲ್ಲ ಎಂದೆ. ಜನ ನಕ್ಕರು. "ಯಾಂವಂದಲೇ ಈ ದನಿ? ಗುರ್ತ ಹತ್ತವಲ್ದು," ಎಂದು ಒಬ್ಬ ಕೇಳಿದ. ನನ್ನದು ಎಂದೆ. ಇನ್ನೂ ನಕ್ಕರು. ಮೇಜಿನ ಮೇಲೆ ಗಂಟು ಇಟ್ಟೆ. ಒಬ್ಬೊಬ್ಬರೇ ಬಾಗಿ ನೋಡಿದರು. ಚಹಾದವನು ನನ್ನ ಮುಂದಿನ ಕಪ್ಪನ್ನು ಎತ್ತಿಕೊಂಡು ಹೋದ.

ಹೊಸಬರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಬಾಯಿ ಇರುವುದಿಲ್ಲ. ಒಂದು ತಂತಿ ಕಿತ್ತ ಕೇಬಲ್ ಸಿಕ್ಕರೂ ಅಲ್ಲೇ ಕತ್ತರಿಸಿ ನಾಲ್ಕು ತುಂಡು ಮಾಡಿ. ಇಡಿಯಾಗಿ ಇಟ್ಟುಕೊಂಡರೆ ನಿಮ್ಮ ಜಾಣತನ ಅದನ್ನು ನೋಡುತ್ತ ಕೂರುತ್ತದೆ. ಯಂತ್ರ ನಿಂತಿದ್ದರೆ ಗಿರಾಕಿ ಬೈಯುತ್ತಾನೆ, ಬೈಯಲಿ. ಲೂಮಿನಲ್ಲಿ ಎಳೆ ಹರಿದರೆ ಬಟ್ಟೆ ನಿಲ್ಲುತ್ತದೆ. ಇಲ್ಲಿ ಎಳೆಯ ಕೆಳಗೆ ಮನುಷ್ಯರು ಕೂತಿರುತ್ತಾರೆ.

ಶಾಲೆಗೆ ಮುಟ್ಟಿದಾಗ ಮಧ್ಯಾಹ್ನದ ಊಟದ ಬಿಡುವು. ಮಕ್ಕಳು ಹೊರಗಿದ್ದರು. ಗಿರಿಜಾ ಅಕ್ಕೋರು ಖಾಲಿ ವರ್ಗದಲ್ಲಿ ಕುರ್ಚಿಯ ಮೇಲೆ ಕೂತು ಪಾಟಿ ತಿದ್ದುತ್ತಿದ್ದರು. ಅವರು ಕೆಲಸಕ್ಕೆ ಮರಳಿ ನಾಲ್ಕು ತಿಂಗಳಾಗಿತ್ತು. ಕೊರಳಿಗೆ ಕೈ ತೂಗುಹಾಕುವ ಪಟ್ಟಿ ಇರಲಿಲ್ಲ, ಮುಖ ಚೆನ್ನಾಗಿತ್ತು. ನನಗೆ ಒಳಗೊಳಗೇ ಸಮಾಧಾನವಾಯಿತು. ಹಿಂದಿನ ಕರಿಹಲಗೆಯಲ್ಲಿ ಬರಹವೆಲ್ಲ ಕೆಳಗಿನ ಅರ್ಧದಲ್ಲೇ ಇತ್ತು, ಮೇಲಿನ ಅರ್ಧ ಖಾಲಿ. ಮಕ್ಕಳು ಚಿಕ್ಕವರು, ಅವರಿಗೆ ಕಾಣಲೆಂದು ಹಾಗೆ ಬರೆದಿದ್ದಾರೆ ಎಂದುಕೊಂಡೆ.

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕುಣಿಕೆ, ಟೇಪು, ಸುಳ್ಳು, ಬಾದಾಮಿಯ ನಾಲ್ಕು ದಿನ, ಜರಕಿ ಹೊಡೆದರೆಂದು ಹೇಳಿದ್ದು, ಚಹಾದಂಗಡಿ. ಅವರು ಪಾಟಿಯನ್ನು ಕೆಳಗಿಟ್ಟು ಕೇಳಿದರು. ನಡುವೆ ಒಮ್ಮೆ ಮಾತ್ರ ಮಾತಾಡಿದರು.

"ಹಂಗಾದ್ರ ನಾ ಜರಕಿ ಹೊಡದಿದ್ದಿಲ್ಲ?"

"ಇಲ್ರಿ ಅಕ್ಕೋರ."

"ಇಷ್ಟ ದಿನಾ ನಾನ ಹೊಡದೇನಿ ಅಂತ ತಿಳದಿದ್ದೆ. ಹೆಂಗ ಎಳದೆ, ಹೆಂಗ ಎಳದೆ ಅಂತ ದಿನಾ ನೆನಸ್ತಿದ್ದೆ."

ಅವರು ಬೈದರೆ, ಕೂಗಾಡಿದರೆ, ನಾಲ್ಕು ಜನರನ್ನು ಕರೆದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸುಮ್ಮನೆ ನೋಡುತ್ತ ಕೂತಿದ್ದರು. ತಡೆಯಲಾರದೆ ನಾನು ಎರಡು ಹೆಜ್ಜೆ ಮುಂದೆ ಹೋಗಿ ಮುಖ ಚಾಚಿದೆ.

"ಹಿಂಗ ಸುಮ್ನ ಕೂಡಬ್ಯಾಡ್ರಿ ಅಕ್ಕೋರ. ನನ್ನ ಕಪಾಳಕ್ಕ ಒಂದು ಹೊಡೀರಿ. ನಿಮ್ಮ ಪಾದಾ ಹಿಡೀತೇನಿ, ಒಂದು ಹೊಡೀರಿ."

ಗಿರಿಜಾ ಅಕ್ಕೋರು ಎಡಗೈಯಿಂದ ಪಾಟಿಯನ್ನು ಮತ್ತೆ ತೊಡೆಯ ಮೇಲೆ ಎತ್ತಿಕೊಂಡರು.

"ಹೊಡೀಬೇಕಂದ್ರ ಕೈ ಮ್ಯಾಲ ಏಳಬೇಕಲ್ಲಪಾ."